ಕೆಟ್ಟ ಸ್ಕ್ಯಾನರ್: ದುರಸ್ತಿಯೋ, ಬದಲಾವಣೆಯೋ?

ವರ್ತಕರ ಕಚೇರಿಯಲ್ಲಿ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಎಂಬುದು ಬೆಲೆಯಲ್ಲಿ ಅತ್ಯಲ್ಪವಾದ ಸ್ವತ್ತು. ತೂಕದ ಯಂತ್ರ, ಪ್ಯಾಕಿಂಗ್ ಯಂತ್ರ, ಸರಕು ಸಾಗಣೆಯ ವಾಹನ ಇವುಗಳ ಮುಂದೆ ಅದು ಲೆಕ್ಕಕ್ಕೇ ಬಾರದು. ಆದುದರಿಂದಲೇ ಅದು ಕೆಟ್ಟಾಗ ಯಾರೂ ಲೆಕ್ಕ ಹಾಕಿ ನಿರ್ಧರಿಸುವುದಿಲ್ಲ. ಕೆಲವರು ಅಂದೇ ಅಂಗಡಿಗೆ ಫೋನ್ ಮಾಡಿ ಹೊಸದನ್ನು ತರಿಸುತ್ತಾರೆ. ಇನ್ನು ಕೆಲವರು ಹಣ ಕೊಟ್ಟು ಕೊಂಡ ವಸ್ತುವನ್ನು ಎಸೆಯಲು ಮನಸ್ಸಾಗದೆ, ಗೆರೆ ಬೀಳುವ, ನಡುವೆಯೇ ನಿಂತುಹೋಗುವ ಯಂತ್ರದೊಡನೆ ವರ್ಷಗಟ್ಟಲೆ ಹೆಣಗುತ್ತಾರೆ. ಮೊದಲನೆಯವರು ದೋಷ ಎಲ್ಲಿದೆ ಎಂದು ನೋಡುವುದಿಲ್ಲ. ಎರಡನೆಯವರು ದೋಷದ ಬೆಲೆ ಎಷ್ಟು ಎಂದು ನೋಡುವುದಿಲ್ಲ. ಎರಡೂ ವ್ಯವಹಾರ ಜಾಣ್ಮೆಯಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಅಲ್ಪ ಬೆಲೆ, ಅಲ್ಪವಲ್ಲದ ಹೊಣೆ

2017 ರ ಜುಲೈ 1 ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ನೋಂದಣಿ, ತಿದ್ದುಪಡಿ, ಮರುಪಾವತಿ, ನೋಟಿಸಿಗೆ ಉತ್ತರ ಇವೆಲ್ಲವೂ ಗಣಕಯಂತ್ರದ ಮೂಲಕವೇ ನಡೆಯುತ್ತಿವೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಖರೀದಿ ಬಿಲ್ಲು, ಸಾಗಣೆ ರಸೀದಿ ಇವು ಕಾಗದದಿಂದ ಕಡತವಾಗಿ ಬದಲಾದ ಹೊರತು ಇಲಾಖೆಯನ್ನು ತಲುಪುವುದಿಲ್ಲ. ನೋಂದಣಿ ಅರ್ಜಿಯ ಬಗ್ಗೆ ಅಧಿಕಾರಿಗಳು ಸ್ಪಷ್ಟೀಕರಣ ಕೇಳಿದಲ್ಲಿ ಉತ್ತರಕ್ಕೆ ಇರುವುದು 7 ಕೆಲಸದ ದಿನಗಳು. ನೋಂದಣಿಯನ್ನು ಏಕೆ ರದ್ದುಪಡಿಸಬಾರದೆಂದು ಕಾರಣ ಕೇಳುವ ನೋಟಿಸಿಗೂ ಅಷ್ಟೇ ಅವಧಿ. ಆ 7 ದಿನಗಳಲ್ಲಿ 3 ದಿನ ಸ್ಕ್ಯಾನರ್ ಕೈಕೊಟ್ಟರೆ, ಅಥವಾ ಕಳುಹಿಸಿದ ದಾಖಲೆ ಓದಲು ಬಾರದಂತಿದ್ದರೆ, ಅಪಾಯಕ್ಕೆ ಒಳಗಾಗುವುದು ಕೆಲವು ಸಾವಿರ ರೂಪಾಯಿಯ ಯಂತ್ರವಲ್ಲ, ವ್ಯಾಪಾರದ ನೋಂದಣಿಯೇ.

ಇನ್ನೊಂದು ಅಂಶವೂ ಇದೆ. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು. 2013 ರ ಕಂಪನಿ ಕಾಯಿದೆಯ ಪ್ರಕಾರ ಕಂಪನಿಗಳು 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಇಡಬೇಕು. ಉಷ್ಣ ಮುದ್ರಣದ ರಸೀದಿಗಳಂತೂ ಅಷ್ಟು ಕಾಲ ಉಳಿಯದೆ ಮಾಸಿ ಬಿಳಿಯಾಗುತ್ತವೆ. ಅಂಥ ರಸೀದಿಗೆ ಸ್ಕ್ಯಾನ್ ಮಾಡಿದ ಪ್ರತಿಯೇ ಮುಂದೆ ಆಧಾರ.

ದೋಷ ಯಂತ್ರದ್ದೇ ಎಂಬುದು ಮೊದಲು ಖಚಿತವಾಗಲಿ

ಫ್ಲ್ಯಾಟ್‌ಬೆಡ್ ಸ್ಕ್ಯಾನರಿನ ರಚನೆ ಸರಳ. ಮೇಲೆ ಗಾಜು, ಕೆಳಗೆ ದೀಪವನ್ನೂ ಬೆಳಕು ಗ್ರಹಿಸುವ ಸಂವೇದಕವನ್ನೂ ಹೊತ್ತ ಒಂದು ಗಾಡಿ, ಅದನ್ನು ಎಳೆಯುವ ಪಟ್ಟಿ ಮತ್ತು ಸಣ್ಣ ಮೋಟಾರು. ಪ್ರತಿ ಬಾರಿ ಕೆಲಸ ಆರಂಭಿಸುವ ಮುನ್ನ ಗಾಡಿಯು ತನ್ನ ಮೂಲ ಸ್ಥಾನದಲ್ಲಿರುವ ಬಿಳಿಯ ಪಟ್ಟಿಯೊಂದನ್ನು ನೋಡಿ, ಬಿಳಿ ಎಂದರೆ ಯಾವುದು ಎಂದು ಅಳೆದುಕೊಳ್ಳುತ್ತದೆ. ಇಷ್ಟನ್ನು ತಿಳಿದವರು ಮುಂದಿನ ಪರೀಕ್ಷೆಗಳನ್ನು ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಗಂಟೆಯಲ್ಲಿ ಮುಗಿಸಬಹುದು.

ಮೊದಲನೆಯದಾಗಿ, ವಾರಂಟಿ ಅವಧಿ ಮುಗಿದಿದೆಯೇ ಎಂದು ಬಿಲ್ಲು ತೆಗೆದು ನೋಡತಕ್ಕದ್ದು. ಮುಗಿಯದಿದ್ದಲ್ಲಿ ತಿರುಪನ್ನು ಮುಟ್ಟದೆ ಮಾರಾಟಗಾರರಿಗೆ ಬರೆದು ತಿಳಿಸುವುದೇ ಸರಿ.

ಎರಡನೆಯದಾಗಿ, ಯಂತ್ರವು ಇತ್ತೀಚೆಗೆ ಸ್ಥಳ ಬದಲಿಸಿದೆಯೇ ಎಂದು ವಿಚಾರಿಸಬೇಕು. ಹಲವು ಮಾದರಿಗಳಲ್ಲಿ, ಸಾಗಿಸುವಾಗ ಗಾಡಿ ಅಲುಗಾಡದಂತೆ ಹಿಡಿಯುವ ಬೀಗವೊಂದು ಅಡಿಯಲ್ಲೋ ಪಕ್ಕದಲ್ಲೋ ಇರುತ್ತದೆ. ಅದು ಹಾಕಿದ್ದರೆ ಯಂತ್ರ ಗರಗರ ಸದ್ದು ಮಾಡಿ ನಿಲ್ಲುತ್ತದೆ. ಬೀಗ ತೆಗೆದರೆ ದುರಸ್ತಿ ಮುಗಿಯಿತು.

ಮೂರನೆಯದಾಗಿ ಕೇಬಲ್ ಮತ್ತು ವಿದ್ಯುತ್ ಪೂರೈಕೆ. ತೆಳುವಾದ ಮಾದರಿಗಳು ಯುಎಸ್‌ಬಿ ಕೇಬಲಿನಿಂದಲೇ ವಿದ್ಯುತ್ ಪಡೆಯುತ್ತವೆ. ಅಂಥ ಯಂತ್ರವನ್ನು ಪೆನ್ ಡ್ರೈವ್, ಮೌಸ್, ಕೀಲಿಮಣೆ ಎಲ್ಲವೂ ಸಿಕ್ಕಿಸಿದ ಅಗ್ಗದ ಹಬ್‌ಗೆ ಜೋಡಿಸಿದರೆ ಗಾಡಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಗಣಕಯಂತ್ರದ ಹಿಂಬದಿಯ ಯುಎಸ್‌ಬಿ ಕಿಂಡಿಗೆ ನೇರವಾಗಿ, ಬೇರೊಂದು ಗಿಡ್ಡ ಕೇಬಲಿನಿಂದ ಜೋಡಿಸಿ ನೋಡತಕ್ಕದ್ದು. ಪ್ರತ್ಯೇಕ ಅಡಾಪ್ಟರ್ ಇರುವ ಮಾದರಿಯಲ್ಲಿ ಅಡಾಪ್ಟರೇ ಸತ್ತಿರಬಹುದು. ಅದೇ ವೋಲ್ಟೇಜು ಮತ್ತು ಅದೇ ಧ್ರುವತೆಯುಳ್ಳ, ವಿದ್ಯುತ್ ಸಾಮರ್ಥ್ಯ ಕಡಿಮೆಯಿಲ್ಲದ ಬದಲಿ ಅಡಾಪ್ಟರ್ ಹೊಸ ಸ್ಕ್ಯಾನರಿನ ಬೆಲೆಯ ಮುಂದೆ ಅತ್ಯಲ್ಪ. ಸಗಟು ವರ್ತಕರೊಬ್ಬರು ಸ್ಕ್ಯಾನರ್ ಕೆಟ್ಟಿದೆಯೆಂದು ಹೊಸದನ್ನು ಕೊಂಡರು. ಹೊಸದೂ ಎರಡನೆಯ ದಿನವೇ ಅರ್ಧದಲ್ಲಿ ನಿಂತಿತು. ಎರಡೂ ಯಂತ್ರಗಳು ಸರಿಯಾಗಿದ್ದವು, ಕೆಟ್ಟಿದ್ದುದು ಹಬ್.

ನಾಲ್ಕನೆಯದಾಗಿ, ಯಂತ್ರವನ್ನು ಗಣಕಯಂತ್ರದಿಂದ ಬೇರ್ಪಡಿಸಿ ಪರೀಕ್ಷಿಸಬೇಕು. ಮುದ್ರಣವನ್ನೂ ಮಾಡುವ ಬಹೂಪಯೋಗಿ ಯಂತ್ರವಾದರೆ ಕಾಪಿ ಗುಂಡಿಯನ್ನು ಒತ್ತಿರಿ. ಪ್ರತಿ ಚೆನ್ನಾಗಿ ಬಂದರೆ ಗಾಜು, ದೀಪ, ಸಂವೇದಕ, ಮೋಟಾರು ಎಲ್ಲವೂ ಸರಿಯಾಗಿವೆ; ದೋಷ ಕೇಬಲ್ ಅಥವಾ ತಂತ್ರಾಂಶದಲ್ಲಿದೆ ಎಂದರ್ಥ. ಬರಿಯ ಸ್ಕ್ಯಾನರ್ ಆದರೆ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ನೋಡಬಹುದು.

ಈ ನಾಲ್ಕನೆಯ ಪರೀಕ್ಷೆ ಈಗ ವಿಶೇಷ ಮಹತ್ವದ್ದು. 2025 ರ ಅಕ್ಟೋಬರ್ 14 ರಂದು ವಿಂಡೋಸ್ 10 ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಆ ಕಾರಣಕ್ಕೆ ಹೊಸ ಗಣಕಯಂತ್ರ ಕೊಂಡ ಕಚೇರಿಗಳುಂಟು. ವಿಂಡೋಸ್ 11 ದೊರೆಯುವುದು 64 ಬಿಟ್ ರೂಪದಲ್ಲಿ ಮಾತ್ರ. 32 ಬಿಟ್‌ಗಾಗಿ ಬರೆದ ಹಳೆಯ ಡ್ರೈವರ್ ಅದರಲ್ಲಿ ಕೆಲಸ ಮಾಡದು. ಹೀಗೆ ನಿನ್ನೆಯವರೆಗೆ ನೆಟ್ಟಗಿದ್ದ ಸ್ಕ್ಯಾನರ್ ಇಂದು ಸತ್ತಂತೆ ಕಾಣುತ್ತದೆ. ಯಂತ್ರ ಕೆಟ್ಟಿಲ್ಲ, ಅದರ ದುಭಾಷಿ ಇಲ್ಲವಾಗಿದ್ದಾನೆ ಅಷ್ಟೆ. ತಯಾರಕರ ತಾಣದಲ್ಲಿ ಹೊಸ ಡ್ರೈವರ್ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲವಾದರೆ, ಸಾವಿರಾರು ಹಳೆಯ ಮಾದರಿಗಳಿಗೆ ಆಶ್ರಯವಾಗಿರುವ ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಹಣಕ್ಕೆ ದೊರೆಯುತ್ತದೆ; ಲಿನಕ್ಸ್ ಬಳಸುವವರಿಗೆ ಸೇನ್ ಎಂಬುದು ಉಚಿತವಾಗಿ ಇದೆ. ಆದರೆ ತಂತ್ರಾಂಶದ ಬೆಲೆಯನ್ನೂ ದುರಸ್ತಿ ವೆಚ್ಚವೆಂದೇ ಎಣಿಸಿ, ಮುಂದೆ ಹೇಳುವ ಲೆಕ್ಕಕ್ಕೆ ಸೇರಿಸತಕ್ಕದ್ದು.

ಗೆರೆ, ಚುಕ್ಕೆ, ಮಂಜು

ಪ್ರತಿ ಬರುತ್ತದೆ ಆದರೆ ಚೆನ್ನಾಗಿಲ್ಲ ಎಂಬ ದೂರು ಬೇರೆಯದು. ಪ್ರತಿ ಪುಟದಲ್ಲೂ ಒಂದೇ ಜಾಗದಲ್ಲಿ ಚುಕ್ಕೆ ಇದ್ದರೆ ಅದು ಗಾಜಿನ ಮೇಲಿನ ಕೊಳೆ. ಗಾಡಿ ಚಲಿಸುವ ದಿಕ್ಕಿನಲ್ಲಿ ಪುಟದುದ್ದಕ್ಕೂ ಗೆರೆ ಬಿದ್ದರೆ, ಬಿಳಿಯ ಅಳತೆಪಟ್ಟಿಯ ಮೇಲೆ ಧೂಳು ಕೂತಿದೆ ಅಥವಾ ಸಂವೇದಕದ ಒಂದು ಬಿಂದು ಹೋಗಿದೆ. ಕಾಗದವನ್ನು ತಾನೇ ಎಳೆದುಕೊಳ್ಳುವ ಫೀಡರ್ ಇರುವ ಯಂತ್ರದಲ್ಲಿ ಸಂವೇದಕ ನಿಂತಿರುತ್ತದೆ, ಕಾಗದ ಚಲಿಸುತ್ತದೆ; ಆದ್ದರಿಂದ ಅಲ್ಲಿನ ಕಿರಿದಾದ ಗಾಜಿನ ಮೇಲಿನ ಸಾಸಿವೆಯಷ್ಟು ಕೊಳೆಯೂ ಉದ್ದನೆಯ ಗೆರೆಯಾಗುತ್ತದೆ. ಅದೇ ಹಾಳೆಯನ್ನು ಚಪ್ಪಟೆ ಗಾಜಿನ ಮೇಲಿಟ್ಟಾಗ ಗೆರೆ ಬಾರದಿದ್ದರೆ ಆ ಕಿರುಗಾಜನ್ನು ಒರೆಸಿದರೆ ಸಾಕು. ಒರೆಸಲು ನಾರು ಬಿಡದ ಬಟ್ಟೆಯನ್ನು ತುಸು ಒದ್ದೆ ಮಾಡಿ ಬಳಸಬೇಕು. ದ್ರವವನ್ನು ಗಾಜಿನ ಮೇಲೆ ನೇರವಾಗಿ ಸಿಂಪಡಿಸಿದರೆ ಅದು ಅಂಚಿನಿಂದ ಒಳಗಿಳಿದು ಇಲ್ಲದ ದೋಷವನ್ನು ಉಂಟುಮಾಡುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಗಾಜಿನ ಒಳಮೈಗೆ ತೇವ ಕಟ್ಟುವುದು, ಅಕ್ಕಿ ಗಿರಣಿ ಅಥವಾ ಹತ್ತಿಯ ಜಿನ್ನಿಂಗ್ ಘಟಕಕ್ಕೆ ಹೊಂದಿಕೊಂಡ ಕಚೇರಿಗಳಲ್ಲಿ ಧೂಳು ಒಳಸೇರುವುದು ಸಹಜ. ಇವು ಶುಚಿ ಮಾಡುವ ಕೆಲಸಗಳೇ ಹೊರತು ಯಂತ್ರ ಎಸೆಯುವ ಕಾರಣಗಳಲ್ಲ. ತೆಳು ಮಾದರಿಯ ಸಂವೇದಕಗಳಿಗೆ ಗಾಜಿಗೆ ಅಂಟಿದ ಕಾಗದ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ದಪ್ಪ ಖಾತೆ ಪುಸ್ತಕದ ಹೊಲಿಗೆಯ ಬಳಿ ಅಕ್ಷರ ಮಸುಕಾಗುವುದು ಆ ರಚನೆಯ ಗುಣ, ದೋಷವಲ್ಲ.

ಇದಕ್ಕೆ ಪ್ರತಿಯಾಗಿ, ಬೀಗ ತೆಗೆದ ಮೇಲೂ ಗಾಡಿ ಕರ್ಕಶವಾಗಿ ಜಗ್ಗುವುದು, ಶುಚಿಗೊಳಿಸಿದ ಮೇಲೂ ಗೆರೆ ಉಳಿಯುವುದು, ಇಡೀ ಪುಟ ಒಂದೇ ಬಣ್ಣಕ್ಕೆ ತಿರುಗುವುದು ಅಥವಾ ಕಪ್ಪಾಗುವುದು ಇವು ಹಲ್ಲುಚಕ್ರ, ಸಂವೇದಕ, ದೀಪಗಳ ನಿಜವಾದ ಸವೆತದ ಲಕ್ಷಣಗಳು. ಇಲ್ಲಿಗೆ ಮನೆಮದ್ದು ನಿಲ್ಲಬೇಕು. ದುರಸ್ತಿಗಾರರಿಂದ ಲಿಖಿತ ಅಂದಾಜು ಪಡೆಯಬೇಕು.

ಅತ್ಯಂತ ಅಪಾಯಕಾರಿ ದೋಷ

ಯಂತ್ರ ನಿಂತರೆ ನಮಗೆ ತಿಳಿಯುತ್ತದೆ. ಯಂತ್ರ ಓಡುತ್ತಲೇ ತಪ್ಪು ಅಂಕಿ ಕೊಟ್ಟರೆ ತಿಳಿಯುವುದಿಲ್ಲ. 2013 ರ ಆಗಸ್ಟ್‌ನಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಜೆರಾಕ್ಸ್ ವರ್ಕ್‌ಸೆಂಟರ್ ಮಾದರಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿವೆ ಎಂದು ತೋರಿಸಿಕೊಟ್ಟರು. ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ವಿಸ್ತೀರ್ಣ ಬದಲಾಗಿತ್ತು. ಕೋಷ್ಟಕಗಳಲ್ಲಿ 6 ಎಂಬುದು 8 ಆಗಿತ್ತು. ಕಾರಣ ಗಾಜಿನ ಕೊಳೆಯಲ್ಲ. ಕಡತದ ಗಾತ್ರವನ್ನು ಕುಗ್ಗಿಸುವ ತಂತ್ರಾಂಶವು ಒಂದನ್ನೊಂದು ಹೋಲುವ ಆಕಾರಗಳನ್ನು ಒಂದೇ ಎಂದು ಭಾವಿಸಿ ಒಂದರ ಜಾಗದಲ್ಲಿ ಮತ್ತೊಂದನ್ನು ಕೂರಿಸುತ್ತಿತ್ತು. ಆ ಸಂಸ್ಥೆ ಬಳಿಕ ಸರಿಪಡಿಸಿದ ತಂತ್ರಾಂಶವನ್ನು ನೀಡಿತು.

ಈ ಪ್ರಸಂಗದ ಪಾಠ ನಮಗೂ ಅನ್ವಯಿಸುತ್ತದೆ. ಬಿಲ್ಲಿನ ಮೊತ್ತದ ಮೇಲೆ ಹಾದುಹೋಗುವ ಸಣ್ಣ ಗೆರೆಯೊಂದು 1 ನ್ನು 4 ರಂತೆಯೂ, ದಶಮಾಂಶ ಚಿಹ್ನೆಯನ್ನು ಇಲ್ಲದಂತೆಯೂ ತೋರಿಸಬಲ್ಲದು. ಇಲಾಖೆಯ ತಾಣಗಳಲ್ಲಿ ಕಡತದ ಗಾತ್ರಕ್ಕೆ ಮಿತಿ ಇರುವುದರಿಂದ ನಮ್ಮ ಗುಮಾಸ್ತರು ಚಿತ್ರವನ್ನು ಮಿತಿಮೀರಿ ಕುಗ್ಗಿಸುವುದುಂಟು. ಎ4 ಹಾಳೆಯನ್ನು 300 ಡಿಪಿಐ ಸ್ಪಷ್ಟತೆಯಲ್ಲಿ ತೆಗೆದರೆ ಸುಮಾರು 87 ಲಕ್ಷ ಬಿಂದುಗಳಾಗುತ್ತವೆ. ಬಣ್ಣದಲ್ಲಿ ತೆಗೆದರೆ ಕುಗ್ಗಿಸುವ ಮುನ್ನ 26 ಎಂಬಿ, ಬೂದು ಛಾಯೆಯಲ್ಲಿ ಅದರ ಮೂರನೆಯ ಒಂದು ಭಾಗ ಮಾತ್ರ. ಬಣ್ಣವನ್ನು ಬಿಟ್ಟು 300 ಡಿಪಿಐ ಉಳಿಸಿಕೊಳ್ಳುವುದು, ಸ್ಪಷ್ಟತೆಯನ್ನು ಬಿಟ್ಟು ಬಣ್ಣ ಉಳಿಸಿಕೊಳ್ಳುವುದಕ್ಕಿಂತ ಮೇಲು. ಯಾವ ದಾಖಲೆಯನ್ನೇ ಆಗಲಿ ಕಳುಹಿಸುವ ಮುನ್ನ ಮೊತ್ತ, ದಿನಾಂಕ, ನೋಂದಣಿ ಸಂಖ್ಯೆಗಳನ್ನು ಮೂಲದೊಡನೆ ಕಣ್ಣಾಡಿಸಿ ನೋಡುವ ಪದ್ಧತಿ ಇರಲಿ. ಮೂಲ ಕಾಗದವನ್ನು ಸ್ಕ್ಯಾನ್ ಆಯಿತೆಂದು ಎಸೆಯುವುದು ಸಲ್ಲದು. ಅಂಕಿ ನಂಬಲಾಗದ ಸ್ಕ್ಯಾನರನ್ನು ಮಾತ್ರ ಲೆಕ್ಕ ಹಾಕದೆ ಬದಲಿಸಬಹುದು.

ಕೊಂಡ ಬೆಲೆ ಮುಳುಗಿದ ಹಣ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ದುರಸ್ತಿ ಮಾಡಿಸುವುದೋ, ಹೊಸದನ್ನು ಕೊಳ್ಳುವುದೋ? ಇಲ್ಲಿ ಬಹುತೇಕರು ಹಿಂದಿರುಗಿ ನೋಡುತ್ತಾರೆ: ಎಷ್ಟು ಕೊಟ್ಟು ತಂದೆವು, ಪುಸ್ತಕದಲ್ಲಿ ಎಷ್ಟು ಉಳಿದಿದೆ ಎಂದು. ಈ ಎರಡು ಸಂಖ್ಯೆಗಳೂ ನಿರ್ಧಾರಕ್ಕೆ ಸಂಬಂಧಿಸಿದವಲ್ಲ. ಕೊಟ್ಟ ಹಣ ದುರಸ್ತಿ ಮಾಡಿಸಿದರೂ ಬಾರದು, ಎಸೆದರೂ ಬಾರದು. ನೋಡಬೇಕಾದುದು ಇಂದಿನಿಂದ ಮುಂದೆ ಆಗುವ ಖರ್ಚು ಮಾತ್ರ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. 6 ವರ್ಷದ ಹಿಂದೆ 6,500 ರೂಪಾಯಿಗೆ ಕೊಂಡ ಸ್ಕ್ಯಾನರ್ ಇದೆ. ಶೇ. 40 ರ ಸವಕಳಿಯಲ್ಲಿ ಅದರ ಪುಸ್ತಕ ಮೌಲ್ಯ ಈಗ ಕೇವಲ 303 ರೂಪಾಯಿ. ದುರಸ್ತಿಗೆ 1,800 ರೂಪಾಯಿ. ಅನಂತರ ಇನ್ನೊಂದು ವರ್ಷ ಬಾಳಬಹುದು. ಹೊಸದಕ್ಕೆ 7,000 ರೂಪಾಯಿ. 5 ವರ್ಷ ಬಾಳಬಹುದು. ಅಂದರೆ ದುರಸ್ತಿಗೆ ವರ್ಷಕ್ಕೆ 1,800, ಹೊಸದಕ್ಕೆ ವರ್ಷಕ್ಕೆ 1,400. ಮೂಗಿಗಿಂತ ಮೂಗುತಿ ಭಾರ ಎಂಬುದು ಇಂಥ ದುರಸ್ತಿಗೇ ಸಲ್ಲುವ ಮಾತು.

ಆದರೆ ದೊಡ್ಡ ಖರ್ಚು ಇದಾವುದೂ ಅಲ್ಲ. ಸೊರಗಿದ ಯಂತ್ರದಲ್ಲಿ ಮತ್ತೆ ಮತ್ತೆ ತೆಗೆಯಬೇಕಾದ್ದರಿಂದ ಪ್ರತಿ ಹಾಳೆಗೆ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ ಎನ್ನೋಣ. ದಿನಕ್ಕೆ 30 ಹಾಳೆ, ತಿಂಗಳಿಗೆ 25 ದಿನ. ಒಟ್ಟು 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ತಿಂಗಳಿಗೆ 18,000 ರೂಪಾಯಿ ಸಂಬಳಕ್ಕೆ 200 ಗಂಟೆ ದುಡಿಯುವ ಗುಮಾಸ್ತರ ಒಂದು ಗಂಟೆಯ ಬೆಲೆ 90 ರೂಪಾಯಿ. ಹೀಗೆ ತಿಂಗಳಿಗೆ 1,125, ವರ್ಷಕ್ಕೆ 13,500 ರೂಪಾಯಿ ಯಾವ ಖಾತೆಯಲ್ಲೂ ಕಾಣಿಸದೆ ಸೋರಿಹೋಗುತ್ತದೆ. ಹೊಸ ಯಂತ್ರದ ಸುಮಾರು ಎರಡರಷ್ಟು ಹಣವನ್ನು ಹಳೆಯದನ್ನು ಉಳಿಸಿಕೊಳ್ಳಲು ತೆತ್ತಂತಾಯಿತು. ಇದು ಸಂಬಳದ ಲೆಕ್ಕದಲ್ಲಿ ಅಡಗಿರುವುದರಿಂದ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ.

ಅದೇ ಯಂತ್ರ ವಾರಕ್ಕೆ 10 ಹಾಳೆ ಮಾತ್ರ ತೆಗೆಯುವ ಸಣ್ಣ ಅಂಗಡಿಯಲ್ಲಿದ್ದರೆ? ವರ್ಷಕ್ಕೆ ನಷ್ಟವಾಗುವ ಸಮಯ 9 ಗಂಟೆಗೂ ಕಡಿಮೆ. ಬೆಲೆ 800 ರೂಪಾಯಿಯ ಒಳಗೆ. 1,000 ರೂಪಾಯಿಯ ದುರಸ್ತಿಯಿಂದ ಯಂತ್ರ ಸರಿಹೋಗಿ 2 ವರ್ಷ ನಡೆದರೆ ವರ್ಷಕ್ಕೆ 500 ಮಾತ್ರ. ಅಲ್ಲಿ ದುರಸ್ತಿಯೇ ಸರಿ. ಆದ್ದರಿಂದ ಯಂತ್ರದ ವಯಸ್ಸಿಗಿಂತ ದಿನದ ಹಾಳೆಗಳ ಸಂಖ್ಯೆಯನ್ನು ಮೊದಲು ಎಣಿಸುವುದು ಒಳಿತು.

ತೆರಿಗೆ ಉಳಿತಾಯದ ಭ್ರಮೆ

ತೆರಿಗೆ ಉಳಿಯುತ್ತದೆ ಎಂದು ಹೊಸದನ್ನು ಕೊಳ್ಳುವವರೂ ಇದ್ದಾರೆ. ಪ್ರಿಂಟರ್, ಸ್ಕ್ಯಾನರ್ ಮೊದಲಾದವು ಗಣಕಯಂತ್ರ ವ್ಯವಸ್ಥೆಯ ಅವಿಭಾಜ್ಯ ಅಂಗವೆಂದೂ ಗಣಕಯಂತ್ರದ ದರದಲ್ಲೇ ಅವುಗಳಿಗೆ ಸವಕಳಿ ಸಲ್ಲುತ್ತದೆಂದೂ ದೆಹಲಿ ಉಚ್ಚ ನ್ಯಾಯಾಲಯ 2010 ರಲ್ಲಿ ಬಿಎಸ್‌ಇಎಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆಗ ಆ ದರ ಶೇ. 60 ಇತ್ತು; ಅನಂತರ ಶೇ. 40 ಕ್ಕೆ ಇಳಿಯಿತು. 7,000 ರೂಪಾಯಿಗೆ ಮೊದಲ ವರ್ಷದ ಸವಕಳಿ 2,800. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಶೇ. 30 ರ ತೆರಿಗೆ ತೆರುವವರಿಗೂ ಮೊದಲ ವರ್ಷ ಉಳಿಯುವುದು 840 ರೂಪಾಯಿ. 840 ಉಳಿಸಲು 7,000 ಖರ್ಚು ಮಾಡುವುದು ಉಳಿತಾಯವಲ್ಲ. ದುರಸ್ತಿ ವೆಚ್ಚವಾದರೋ ಆ ವರ್ಷದಲ್ಲೇ ಪೂರ್ತಿಯಾಗಿ ಕಳೆಯಲ್ಪಡುತ್ತದೆ. ಅಂದಾಜು ಆದಾಯದ ಪದ್ಧತಿಯಲ್ಲಿ ವಿವರ ಸಲ್ಲಿಸುವ ಸಣ್ಣ ವರ್ತಕರಿಗೆ ಪ್ರತ್ಯೇಕ ಸವಕಳಿಯೇ ಇಲ್ಲ. ಅವರ ಮಟ್ಟಿಗೆ ಈ ವಾದ ಹುಟ್ಟುವುದೇ ಇಲ್ಲ.

ಸಾಮಾನ್ಯ ಪದ್ಧತಿಯ ನೋಂದಾಯಿತ ವರ್ತಕರು ಶೇ. 18 ರ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು; ಆದರೆ ಆ ತೆರಿಗೆ ಭಾಗದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ರಾಜಿ ತೆರಿಗೆಯವರಿಗೆ ಅದು ಪೂರ್ಣ ವೆಚ್ಚವೇ. ದುಬಾರಿ ಯಂತ್ರವಾದಲ್ಲಿ ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಬಾರದು ಎಂಬುದನ್ನೂ ಮರೆಯಬಾರದು.

ಕೊಳ್ಳುವುದಾದರೆ

ಹಳೆಯದು ಫ್ಲ್ಯಾಟ್‌ಬೆಡ್ ಆಗಿತ್ತೆಂದು ಹೊಸದೂ ಅದೇ ಆಗಬೇಕಿಲ್ಲ. ಬಿಡಿ ಬಿಲ್ಲುಗಳೇ ಹೆಚ್ಚಾದರೆ ಫೀಡರ್ ಉಳ್ಳ ಯಂತ್ರ ಗುಮಾಸ್ತರ ಸಮಯವನ್ನು ಉಳಿಸುತ್ತದೆ. ಹೊಲಿದ ಖಾತೆ ಪುಸ್ತಕ, ಹಳೆಯ ಕ್ರಯಪತ್ರ, ಹರಿದ ರಸೀದಿಗಳಿಗೆ ಚಪ್ಪಟೆ ಗಾಜೇ ಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಅವಸರಕ್ಕೆ ಸರಿ. ಆದರೆ ಗ್ರಾಹಕರ ಬ್ಯಾಂಕ್ ವಿವರಗಳು ಯಾವ ಆ್ಯಪಿನ ಮೂಲಕ ಎಲ್ಲಿಗೆ ಹೋಗುತ್ತವೆ ಎಂಬ ಎಚ್ಚರ ಬೇಕು. 2020 ರ ಜೂನ್ 29 ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪುಗಳಲ್ಲಿ ಕ್ಯಾಮ್‌ಸ್ಕ್ಯಾನರ್ ಕೂಡ ಇತ್ತು. ಕೊಳ್ಳುವಾಗ, ಡ್ರೈವರ್ ಬೆಂಬಲ ಎಷ್ಟು ವರ್ಷ, ಬಿಡಿಭಾಗ ಎಲ್ಲಿ ದೊರೆಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿರಿ.

ಹಳೆಯದನ್ನು ಗುಜರಿಯವರ ಚೀಲಕ್ಕೆ ಹಾಕಬಾರದು. 2023 ರ ಏಪ್ರಿಲ್ 1 ರಿಂದ ಜಾರಿಯಲ್ಲಿರುವ 2022 ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸ್ಕ್ಯಾನರ್ ಸೇರುತ್ತದೆ. ಹಳೆಯ ಮಾದರಿಗಳ ಕೊಳವೆ ದೀಪದಲ್ಲಿ ಅಲ್ಪ ಪ್ರಮಾಣದ ಪಾದರಸವಿರುತ್ತದೆ. ಅದು ಅಧಿಕೃತ ಸಂಸ್ಕರಣಾ ಘಟಕವನ್ನು ಸೇರುವುದೇ ಯೋಗ್ಯ.

ಇಲ್ಲಿ ನಮ್ಮ ವಾಣಿಜ್ಯ ಸಂಸ್ಥೆಯೂ ಎರಡು ಕೆಲಸ ಮಾಡಬಹುದು. ಸಂಸ್ಥೆಯ ಕಚೇರಿಯಲ್ಲಿ ಫೀಡರ್ ಉಳ್ಳ ಒಂದು ಉತ್ತಮ ಸ್ಕ್ಯಾನರನ್ನಿರಿಸಿ, ಗಡುವಿನ ದಿನಗಳಲ್ಲಿ ಅಲ್ಪ ಶುಲ್ಕಕ್ಕೆ ಸದಸ್ಯರಿಗೆ ಒದಗಿಸಬಹುದು. ಯಂತ್ರ ಕೆಟ್ಟ ಸದಸ್ಯರು ಗಾಬರಿಯಿಂದ ಖರೀದಿಸುವ ಬದಲು ಯೋಚಿಸಿ ನಿರ್ಧರಿಸಲು ಅವಕಾಶ ದೊರೆಯುತ್ತದೆ. ವರ್ಷಕ್ಕೊಮ್ಮೆ ಸದಸ್ಯರ ಇ-ತ್ಯಾಜ್ಯವನ್ನು ಒಟ್ಟಿಗೆ ಸಂಗ್ರಹಿಸಿ ಅಧಿಕೃತ ಘಟಕಕ್ಕೆ ಒಪ್ಪಿಸಬಹುದು. ಕಾರ್ಯಕಾರಿ ಸಮಿತಿ ಇದನ್ನು ಪರಿಶೀಲಿಸಲಿ.

ಸ್ಕ್ಯಾನರಿನ ಲೆಕ್ಕ ಚಿಕ್ಕದು. ಆದರೆ ಲೇತ್ ಯಂತ್ರ, ಜನರೇಟರ್, ಸರಕು ವಾಹನ ಇವುಗಳ ವಿಷಯದಲ್ಲಿ ಲಕ್ಷಾಂತರ ರೂಪಾಯಿಯ ನಿರ್ಧಾರವೂ ಇದೇ ಮೂರು ಪ್ರಶ್ನೆಗಳ ಮೇಲೆ ನಿಲ್ಲುತ್ತದೆ. ದೋಷ ನಿಜವಾಗಿ ಎಲ್ಲಿದೆ? ಇಂದಿನಿಂದ ಮುಂದೆ ಒಂದು ವರ್ಷಕ್ಕೆ ಯಾವುದು ಎಷ್ಟು ಬೀಳುತ್ತದೆ? ಅದು ನಿಂತ ದಿನ ನಿಲ್ಲುವ ಕೆಲಸ ಯಾವುದು? ಸಣ್ಣ ಯಂತ್ರದ ಮೇಲೆ ಈ ಅಭ್ಯಾಸ ಮಾಡಿಕೊಂಡವರಿಗೆ ದೊಡ್ಡ ಯಂತ್ರ ಕೆಟ್ಟಾಗ ಲೆಕ್ಕ ತಪ್ಪುವುದಿಲ್ಲ.